ಹಾಲಿನ ಬಾಟಲಿಯಲ್ಲಿ ಶೇಂಗಾ ಚಟ್ನಿ

ಅದು ೨೦೨೩, ನನಗಾಗ ಐವತ್ತೆರಡು ವರ್ಷ. ಧಾರವಾಡದ ಶಾಲೆಯೊಂದರಲ್ಲಿ ಬಹುಕಾಲ ಕನ್ನಡ ಕಲಿಸಿದ್ದ ನಾನು, ಹೆಂಡತಿಗೆ ಆಸ್ಪತ್ರೆಯ ಪ್ರಯೋಗಾಲಯದಲ್ಲಿ ಕೆಲಸ ದೊರೆತ ಮೇಲೆ ವರ್ಜೀನಿಯಾದ ಆಲ್ಡಿಗೆ ಬಂದವನು. ಆ ವರ್ಷ ಬೆನ್ನುನೋವಿನಿಂದಾಗಿ ಅವಳು ಆ ಕೆಲಸವನ್ನು ಬಿಡಬೇಕಾಯಿತು. ಎದುರಿಗೆ ಏಳುತ್ತಿದ್ದ ಹೊಸ ಮನೆಗಳನ್ನು ಕಿಟಕಿಯಿಂದ ನೋಡುತ್ತ ಕುಳಿತಿರುತ್ತಿದ್ದವಳಿಗೆ ಮತ್ತೆ ಲವಲವಿಕೆ ತಂದದ್ದು ಸಮೀಪದ ಫಾರ್ಮ್ ಶಾಪ್.

ಹೊಲದಂಚಿನ ಆ ಅಂಗಡಿಯ ಮಾಲೀಕರು ಇಂಗ್ಲೆಂಡಿನಿಂದ ಬಂದು ನೆಲೆಸಿದ ಹಿರಿಯ ಮಹಿಳೆ. ಒಂದು ಗೋಡೆಯುದ್ದಕ್ಕೂ ಅವರ ತವರಿನ ಚೆಡ್ಡಾರ್ ಚೀಸು, ಕಿತ್ತಳೆಯ ಮಾರ್ಮಲೇಡು, ಓಟ್ಸ್ ಬಿಸ್ಕತ್ತು; ಎದುರು ಗೋಡೆಗೆ ಸುತ್ತಲಿನ ರೈತರ ಸೇಬು, ಜೇನು, ರಾಜ್ಯದ ದಕ್ಷಿಣದಿಂದ ತರಿಸಿದ ಸಿಪ್ಪೆಸಹಿತ ಶೇಂಗಾ. ಅಕ್ಟೋಬರಿನ ಒಂದು ಶನಿವಾರ ಈ ಎರಡೂ ಗೋಡೆಗಳಿಗೆ ಹಬ್ಬ: ಮಾಡಿದವರೇ ಮೇಜು ಹಾಕಿ ತಮ್ಮ ತಿನಿಸನ್ನು ಮಾರುವ ದಿನ. ಅದಕ್ಕೆ ಕೆಲವು ವಾರ ಮೊದಲು, ಅಲ್ಲಿಯ ಶೇಂಗಾವನ್ನೇ ಹುರಿದು ಹೆಂಡತಿ ಕುಟ್ಟಿದ್ದ ಚಟ್ನಿಯನ್ನು ರುಚಿ ನೋಡಿದ ಮಾಲೀಕರು, ತಮ್ಮಲ್ಲಿ ಚಟ್ನಿಯೆಂದರೆ ಸೇಬನ್ನು ಸಕ್ಕರೆ, ವಿನೆಗರಿನೊಡನೆ ಬೇಯಿಸಿದ ಪಾಕ, ಇದೇನು ಪುಡಿ ಎಂದು ನಕ್ಕರು. ಹಬ್ಬದ ದಿನ ಅವಳಿಗೊಂದು ಮೇಜು ಕೊಡುವುದಾಗಿಯೂ ಹೇಳಿದರು.

ಆ ಅಂಗಡಿಯ ಹಾಲು ಬರುವುದು ಗಾಜಿನ ಬಾಟಲಿಯಲ್ಲಿ. ಖಾಲಿಯಾದ ಬಾಟಲಿಯನ್ನು ತೊಳೆದು ಬಾಗಿಲ ಬಳಿಯ ಕ್ರೇಟಿನಲ್ಲಿಟ್ಟರೆ ಅದು ಮತ್ತೆ ಹಾಲು ತುಂಬಲು ಡೈರಿಗೆ ಮರಳುತ್ತದೆ. ಹಬ್ಬಕ್ಕೆ ವಾರವಿರುವಾಗ ಹೆಂಡತಿ ಬಾಟಲಿಯನ್ನು ತೊಳೆದು, ಒಣಗಿಸಿ, ಅದರ ಕಂಠದವರೆಗೆ ಚಟ್ನಿ ತುಂಬಿದಳು. ಬೇರೆಯವರ ಪಾತ್ರೆಯನ್ನು ಬರಿದಾಗಿ ಹಿಂತಿರುಗಿಸುವ ರೂಢಿ ನಮ್ಮಲ್ಲಿಲ್ಲ. ಏನೂ ಇಲ್ಲದಿದ್ದರೆ ಒಂದು ಚಿಟಿಕೆ ಸಕ್ಕರೆಯಾದರೂ ಬೀಳಬೇಕು. ಆದ್ದರಿಂದ ನನಗೂ ಅದು ಸಹಜವಾಗಿಯೇ ಕಂಡಿತು. ಅಂಗಡಿಗೆ ಒಯ್ದಾಗ ಮಾಲೀಕರು ಕಾಣದ್ದರಿಂದ ಕ್ರೇಟಿನಲ್ಲೇ ಇಟ್ಟು ಬಂದೆ.

ಸಂಜೆ ಅವರ ಫೋನು ಬಂತು. ಮುಚ್ಚಳ ಸಡಿಲಾಗಿ ಪುಡಿ ಕ್ರೇಟಿನ ತುಂಬ ಚೆಲ್ಲಿತ್ತು; ಶೇಂಗಾ ಎಂದು ತಿಳಿದ ಡೈರಿಯವರು ಕ್ರೇಟನ್ನು ಮುಟ್ಟಲೊಪ್ಪಿರಲಿಲ್ಲ. ಮೇಜಿನ ವಿಷಯವನ್ನು ಯೋಚಿಸಬೇಕಾಗಿದೆ ಎಂದು ಅವರು ಫೋನಿಟ್ಟರು.

"ಅಮ್ಮಾ, ಅದು ರಿಟರ್ನ್ ಬಾಟಲ್! ಎಂಪ್ಟಿ ಕೊಡ್ಬೇಕು," ಎಂದಳು ಕಾಲೇಜಿನಿಂದ ಬಂದಿದ್ದ ಮಗಳು.

"ಬರೇ ಬಾಟ್ಲಿ ಹ್ಯಾಂಗ ಕಳಸೂದವಾ? ಅವರ ಹಾಲು ಕುಡದೇವಿ."

"ಪೀನಟ್ ಅಲರ್ಜಿ ಇರೋರು ಆ ಬಾಟಲ್ ಹಾಲು ಕುಡಿದಿದ್ರೆ? ಜೀವಕ್ಕೇ ಅಪಾಯ!"

ಆಸ್ಪತ್ರೆ ಕಂಡವಳಿಗೆ ಹೆಚ್ಚು ಹೇಳಬೇಕಾಗಿರಲಿಲ್ಲ. ಮುಖ ಕಪ್ಪಿಟ್ಟಿತು. ಆಮೇಲೆ ನನ್ನತ್ತ ತಿರುಗಿ, "ಊರ ಮಂದೀ ತಪ್ಪೆಲ್ಲಾ ತಿದ್ದವ್ರು, ಮನ್ಯಾಗಿಂದು ಕಾಣಲಿಲ್ಲೇನ್ರಿ?" ಎಂದಳು.

ಮುಂದಿನ ದಿನಗಳಲ್ಲಿ ಮನೆಯಲ್ಲಿ ಯಾರೂ ನೆಟ್ಟಗೆ ಕೂರಲಿಲ್ಲ. ಅವಳು ಒಲೆಯ ಮೇಲೆ ಶೇಂಗಾ ಹುರಿಯಲಿಡುವಳು, ಅರ್ಧಕ್ಕೇ ಆರಿಸುವಳು. "ಕುಟ್ಲ್ಯೋ, ಬ್ಯಾಡೋ?" ಎನ್ನುವಳು. ನಾನು ಫೋನನ್ನು ಮಗುಚಿಟ್ಟು, ಮತ್ತೆ ಎತ್ತಿ ನೋಡುವೆನು. ಒಮ್ಮೆ ಅಂಗಡಿಯ ಅಂಗಳದವರೆಗೂ ಕಾರು ಓಡಿಸಿಕೊಂಡು ಹೋಗಿ, ಇಳಿಯದೆಯೇ ಹಿಂದಿರುಗಿದೆನು. ಒತ್ತಾಯಿಸಿ ಕೇಳಿದರೆ 'ಇಲ್ಲ' ಎಂದುಬಿಟ್ಟಾರೆಂಬ ಭಯ. ಕೇಳದಿದ್ದರೆ ಅವಳು ಮತ್ತೆ ಆ ಕಿಟಕಿಯ ಬಳಿಗೇ ಮರಳುತ್ತಾಳೆಂಬ ಭಯ.

ಹಬ್ಬದ ಬೆಳಗಿನವರೆಗೂ ಅಂಗಡಿಯಿಂದ ಕರೆ ಬರಲಿಲ್ಲ. "ಹೋಗೂಣು ನಡ್ರಿ. ಇಲ್ಲಂದ್ರ ಚಹಾ ಕುಡದು ಬರೂಣು," ಎಂದು ಹೆಂಡತಿ ಹಿಂದಿನ ರಾತ್ರಿ ಕುಟ್ಟಿ ತುಂಬಿದ್ದ ಚಟ್ನಿಯ ಸೀಸೆಗಳನ್ನು ಕಾರಿಗೆ ಹೇರಿದಳು. ಅಂಗಡಿಯೊಳಗಿನ ಮೇಜುಗಳೆಲ್ಲ ಆಗಲೇ ತುಂಬಿದ್ದವು: ಸ್ಕೋನೆಂಬ ಬನ್ನು, ಜೇನು, ಚೀಸು. ನಮ್ಮದಿರಲಿಲ್ಲ. ಅವಳು ಸೆರಗನ್ನು ಬಿಗಿದು ಹೊರಗೆ ಹೊರಟಳು.

ಹಿಂದಿನಿಂದ ಮಾಲೀಕರು ಕೂಗಿದರು. ಅವರ ಕೈಯಲ್ಲಿ ಅದೇ ಬಾಟಲಿ, ತೊಳೆದದ್ದು, ಬರಿದಾದದ್ದು. ಅದನ್ನು ಅವಳಿಗೆ ತೋರಿಸಿ, ಇನ್ನು ಮುಂದೆ ಹೀಗೆಯೇ ಬರಬೇಕೆಂದರು. ಬಳಿಕ ಹಾಲಿನಿಂದ ದೂರ, ಅಂಗಳದಾಚೆಯ ಮರದ ಕಡೆಗೆ ಬೆರಳು ಮಾಡಿದರು. ಅದರಡಿಯಲ್ಲಿ ಒಂಟಿ ಮೇಜು. ಶೇಂಗಾ ಇದೆಯೆಂದು ಎಚ್ಚರಿಸುವ ದೊಡ್ಡ ಫಲಕ.

"ಬರೇದ ಕೊಡ್ತೇನಂತ ಹೇಳ್ರಿ," ಎಂದಳು ಹೆಂಡತಿ ನನಗೆ. "ಖರೆ, ಕೈ ಒಪ್ಪೂದಿಲ್ಲ."

ನಾನು ಮೊದಲ ವಾಕ್ಯವನ್ನಷ್ಟೇ ಇಂಗ್ಲಿಷಿನಲ್ಲಿ ಹೇಳಿದೆನು.

ಮಧ್ಯಾಹ್ನ ಮಾಲೀಕರೇ ಬ್ರೆಡ್ಡಿನ ಮೇಲೆ ಚೆಡ್ಡಾರಿಟ್ಟುಕೊಂಡು ಮರದಡಿಗೆ ಬಂದು, ಅದರ ಮೇಲೆ ಚಟ್ನಿ ಉದುರಿಸಿಕೊಂಡು, ಎಲ್ಲರೂ ನೋಡುವಂತೆ ನಿಂತು ತಿಂದರು. ಬರುವ ವರ್ಷವೂ ಆ ಮೇಜು ಅವಳದೇ ಎಂದರು. ಅಂದು ೨೦೨೩ರ ಅಕ್ಟೋಬರ್ ೧೪, ಶನಿವಾರ.