ಗಿಲಾವು ಕಾಣದ ಮನೆ

ಮೊನ್ನೆ ಚೆನ್ನೈನ ವೇಲಚೇರಿಯಲ್ಲಿ ಗೆಳತಿಯ ಮನೆಗೆ ಹೋಗುವಾಗ ರಸ್ತೆಯ ಪಕ್ಕದಲ್ಲಿ ಯಾವುದೋ ಕಟ್ಟಡದ ಕೆಲಸ ನಡೆದಿತ್ತು. ಹೆಂಗಸೊಬ್ಬಳು ಒಣ ಇಟ್ಟಿಗೆಗಳನ್ನು ಒಂದೊಂದಾಗಿ ನೀರಿನ ಡ್ರಮ್ಮಿಗೆ ಇಳಿಬಿಡುತ್ತಿದ್ದಳು. ಬಿಸಿಲಿಗೆ ಕಾದ ಇಟ್ಟಿಗೆ ನೀರಿಗಿಳಿದ ಕೂಡಲೇ ಸುಂಯ್ ಎಂದು ಸಣ್ಣ ಗುಳ್ಳೆಗಳನ್ನು ಬಿಡುತ್ತದೆ, ಆಮೇಲೆ ಮೆಲ್ಲನೆ ಒಂದು ವಾಸನೆ ಏಳುತ್ತದೆ. ಮಣ್ಣಿನದೂ ಹೌದು, ಆರಿದ ಒಲೆಯದೂ ಹೌದು. ನಾನು ಸ್ಕೂಟರ್ ನಿಲ್ಲಿಸಿದೆ. ಹಿಂದಿನ ಆಟೋದವನು ಹಾರ್ನ್ ಮಾಡುತ್ತಲೇ ಇದ್ದ. ನನಗೋ ಆ ಕ್ಷಣ ಮತ್ತೆ ಹತ್ತು ವರ್ಷ, ಪೋರೂರಿನ ಕೆರೆಯಿಂದ ಎರಡು ಬೀದಿ ಈಚೆ ಮರಳಿನ ಗುಡ್ಡೆಯ ಮೇಲೆ ಕೂತು, ಅಮ್ಮ ಇಟ್ಟಿಗೆಗೆ ಇಟ್ಟಿಗೆ ತಟ್ಟಿ, ಚೆನ್ನಾಗಿ ಬೆಂದಿದೆಯೇ ಎಂದು ಕಿವಿಗೊಟ್ಟು ಕೇಳುವುದನ್ನು ನೋಡುತ್ತಿದ್ದೆ.

ಅಮ್ಮ ಮಾಲೂರಿನವಳು. ಅವಳಪ್ಪ ಅಲ್ಲಿನ ಇಟ್ಟಿಗೆ ಗೂಡಿನಲ್ಲಿ ಮೇಲ್ವಿಚಾರಕರಾಗಿದ್ದರು. ಓದುವುದಕ್ಕೂ ಮೊದಲು ಇಟ್ಟಿಗೆಯ ಬಣ್ಣ ನೋಡಿ ಅದು ಗೂಡಿನ ಯಾವ ಸಾಲಿನಲ್ಲಿ ಬೆಂದದ್ದು ಅಂತ ಹೇಳುವುದನ್ನು ಕಲಿತೆ ಅನ್ನುತ್ತಿದ್ದಳು. ಮದುವೆಯಾಗಿ ಅಪ್ಪನ ಕೆಲಸದ ಊರಾದ ಚೆನ್ನೈಗೆ ಬಂದಳು, ಒಂದು ಶಾಲೆಯಲ್ಲಿ ಚಿತ್ರಕಲೆ ಕಲಿಸಿದಳು, ಬಾಡಿಗೆಮನೆಗಳಲ್ಲಿ ಹನ್ನೆರಡು ವರ್ಷ ಕಳೆದಳು. ತೊಂಬತ್ತರ ದಶಕದ ಕೊನೆಗೆ ಸ್ವಂತ ಮನೆ ಕಟ್ಟುವ ಮಾತು ಬಂದಾಗ ಅವಳು ಕೇಳಿದ್ದು ಒಂದೇ. ಹೊರಗೋಡೆಗೆ ಗಿಲಾವು ಬೇಡ, ಬಣ್ಣ ಬೇಡ, ಇಟ್ಟಿಗೆ ಇಟ್ಟಿಗೆಯಾಗಿಯೇ ಕಾಣಲಿ. ನನ್ನ ಲೆಕ್ಕದ ನೋಟ್‌ಬುಕ್ಕಿನ ಗ್ರಾಫ್ ಹಾಳೆಗಳನ್ನೆಲ್ಲ ಕಿತ್ತು ಅದರ ಮೇಲೆ ಮನೆಯ ಮುಖ ಬರೆದಳು. ಒಂದು ಇಟ್ಟಿಗೆ ಉದ್ದಕ್ಕೆ, ಒಂದು ಅಡ್ಡಕ್ಕೆ. ಬಾಗಿಲಿನ ಎರಡೂ ಬದಿಗೆ ಇಟ್ಟಿಗೆಯ ಮೂಲೆಗಳನ್ನು ಹೊರಚಾಚಿ ನಿಲ್ಲಿಸಿದ ಸಾಲು, ಬೆಳಗಿನ ಬಿಸಿಲಿಗೆ ನೆರಳು ಗರಗಸದ ಹಲ್ಲಿನಂತೆ ಬೀಳಬೇಕು. ಮೆಟ್ಟಿಲಿನ ಕಡೆ ಒಂದು ಬಿಟ್ಟು ಒಂದು ಇಟ್ಟಿಗೆ ತೆಗೆದ ಜಾಲರಿಗೋಡೆ, ಸಂಜೆಯ ಸಮುದ್ರದ ಗಾಳಿ ಅಷ್ಟು ದೂರ ಬಂದರೆ ಒಳಗೆ ಬರಲಿ ಅಂತ. ಅಪ್ಪ ಆ ಹಾಳೆಗಳನ್ನು ನೋಡಿ ನಕ್ಕರು, ಆಮೇಲೆ ಅವನ್ನೇ ಮಡಚಿ ಅಂಗಿಯ ಜೇಬಿನಲ್ಲಿಟ್ಟುಕೊಂಡು ಕಚೇರಿಯವರಿಗೆಲ್ಲ ತೋರಿಸಿದರು.

ಒಪ್ಪದವರು ಇಬ್ಬರು. ಒಬ್ಬರು ಮನೆ ಕಟ್ಟುತ್ತಿದ್ದ ಏಳುಮಲೈ ಮೇಸ್ತ್ರಿ. ತೆಳ್ಳಗೆ, ಉದ್ದಕ್ಕೆ, ಯಾವಾಗಲೂ ಕಿವಿಯ ಹಿಂದೆ ಪೆನ್ಸಿಲ್ಲು. ಅಮ್ಮನ ಹಾಳೆಗಳನ್ನು ಬಹಳ ಹೊತ್ತು ನೋಡಿ ವಾಪಸು ಕೊಟ್ಟು, "ವೇಣಾಂಮಾ. ಪೂಸಾಮ ವಿಟ್ಟಾ ಎನ್ ಪೇರು ಕೆಟ್ಟುಡುಂ" ಅಂದರು. ಬೇಡಮ್ಮ, ಗಿಲಾವು ಮಾಡದೆ ಬಿಟ್ಟರೆ ಕೆಲಸ ಅರ್ಧಕ್ಕೆ ಬಿಟ್ಟವನು ಅಂತ ನನ್ನ ಹೆಸರು ಕೆಡುತ್ತದೆ ಅಂತ. ಅಮ್ಮನ ತಮಿಳು ಅರ್ಧ ಕನ್ನಡ. ಅದರಲ್ಲೇ ಅವಳು ಹೇಳಿದ ಮಾತು ನನಗಿನ್ನೂ ಬಾಯಿಪಾಠ. "ಮೇಸ್ತ್ರಿ, ನೀಂಗ ಇಷ್ಟು ವರ್ಷ ಕಟ್ಟಿದ ಗೋಡೆ ಎಲ್ಲಾ ಎಂಗೆ ಇರುಕ್ಕು? ಎಲ್ಲಾ ಗಿಲಾವಿನ ಉಳ್ಳೆ. ಇದು ಒಂದು ವೆಳಿಯೆ ಇರಟ್ಟುಂ." ಇಷ್ಟು ವರ್ಷ ನೀವು ಕಟ್ಟಿದ ಗೋಡೆಯೆಲ್ಲ ಎಲ್ಲಿದೆ, ಗಿಲಾವಿನ ಒಳಗೇ ಮುಚ್ಚಿಹೋಗಿದೆ, ಇದೊಂದಾದರೂ ಹೊರಗೆ ಕಾಣಲಿ ಅಂತ. ಮರುದಿನ ಮೇಸ್ತ್ರಿ ಸಾಲು ಹಿಡಿಯುವುದಕ್ಕೆ ಹೊಸ ದಾರದುಂಡೆ ತಂದಿದ್ದರು. ಬಾಗಿಲಿನ ಬಲಬದಿಯ ಸಾಲು ಎದೆಮಟ್ಟಕ್ಕೆ ಏರಿದ ಮೇಲೆ ತೂಗುಗುಂಡು ಇಳಿಬಿಟ್ಟು ನೋಡಿದರು. ಕೂದಲೆಳೆಯಷ್ಟು ವಾಲಿತ್ತು. ಅಮ್ಮ "ಪರವಾಯಿಲ್ಲೆ" ಅನ್ನುವುದರೊಳಗೆ ಅವರೇ ಅದನ್ನು ಕೆಡವಿ ಮತ್ತೆ ತಳದಿಂದ ಶುರುಮಾಡಿದರು.

ಎರಡನೆಯವಳು ನನ್ನ ಅಜ್ಜಿ, ಅಪ್ಪನ ತಾಯಿ. ಮಂಡ್ಯದ ಕಡೆಯ ಗಟ್ಟಿ ದನಿಯವಳು. "ನೆಂಟರು ಬಂದರೆ ಏನಂತಾರೋ? ಮನೆಗೆ ಬಟ್ಟೆ ತೊಡಿಸೋದನ್ನೇ ಮರೆತವ್ರೆ ಅಂತಾರೆ!" ಬೀದಿಯಲ್ಲಿಯೂ ಅದೇ ಪ್ರಶ್ನೆ. ಗಿಲಾವು ಯಾವಾಗ? ಹಾಲಿನವನು ಕೇಳಿದ, ಎದುರುಮನೆಯವರು ಕೇಳಿದರು, ಇಸ್ತ್ರಿಯವರು ಬಟ್ಟೆಯ ಜೊತೆ ಕೇಳಿದರು. ಗೃಹಪ್ರವೇಶದ ದಿನ ಅಜ್ಜಿ ಹೊರಗೋಡೆಯ ಕಡೆ ಕಣ್ಣೆತ್ತದೆ, ನೆಲ ನೋಡಿಕೊಂಡೇ ಒಳಗೆ ಬಂದಳು. ಆ ಸಂಜೆ ಅಪ್ಪ ಅಮ್ಮ ಮತ್ತು ಅಜ್ಜಿ ಇಬ್ಬರನ್ನೂ ಕೂರಿಸಿ ತೀರ್ಪು ಕೊಟ್ಟರು: ದೀಪಾವಳಿ ತಿಂಗಳಾದ ಐಪ್ಪಸಿಯ ಮಳೆ ಬರಲಿ, ಗೋಡೆಯಲ್ಲಿ ಒಂದು ಹನಿ ನೀರು ಒಳಗೆ ಬಂದರೂ ಗಿಲಾವು ಮಾಡಿಸೋಣ, ಬರದಿದ್ದರೆ ಯಾರೂ ಮತ್ತೆ ಮಾತೆತ್ತಬಾರದು. ಅಮ್ಮ ಒಪ್ಪಿದಳು. ಅಜ್ಜಿ ಆವತ್ತಿನಿಂದಲೇ ಮಳೆಗೆ ಕಾಯತೊಡಗಿದಳು.

ಮಳೆ ಬಂತು. ಚೆನ್ನೈ ಮಳೆ ಬಂದರೆ ಹೇಗೆ ಬರುತ್ತದೆಂದು ಇಲ್ಲಿದ್ದವರಿಗೆ ಗೊತ್ತು. ಬೀದಿಯಲ್ಲಿ ಮೊಣಕಾಲುದ್ದ ನೀರು, ಶಾಲೆಗೆ ರಜೆ, ಕರೆಂಟಿಲ್ಲ. ಹೊರಗೆ ನೆನೆದ ಇಟ್ಟಿಗೆ ಕುಂಕುಮದಷ್ಟು ಕೆಂಪಾಗಿತ್ತು. ನಾನು ಕೊಡೆ ಹಿಡಿದು ಗೇಟಿನ ಬಳಿ ನಿಂತು ನಮ್ಮ ಮನೆಯನ್ನು ನೋಡಿದೆ. ಸುತ್ತಲಿನ ಬಣ್ಣದ ಮನೆಗಳೆಲ್ಲ ಕಪ್ಪುಗಟ್ಟಿ ಮಂಕಾಗಿದ್ದವು, ನಮ್ಮದೊಂದೇ ಮಿಂದು ನಿಂತಂತೆ ಹೊಳೆಯುತ್ತಿತ್ತು. ಇಷ್ಟು ಚೆಂದದ ಮನೆ ಮದರಾಸಿನಲ್ಲೇ ಇಲ್ಲ ಅನ್ನಿಸಿತು. ಒಳಗೆ ಅಜ್ಜಿ ದಿನಾ ಬೆಳಿಗ್ಗೆ ಎದ್ದು ಎಲ್ಲ ಗೋಡೆಗಳ ಮೇಲೂ ಅಂಗೈ ಇಟ್ಟು ನೋಡುತ್ತಿದ್ದಳು. ಐದನೆಯ ದಿನ ಅವಳ ಕೋಣೆಯ ಪಶ್ಚಿಮದ ಗೋಡೆಯಲ್ಲಿ, ಕಿಟಕಿಯ ಕೆಳಗೆ, ತಟ್ಟೆಯಗಲ ತೇವ ಕಾಣಿಸಿತು. ಅಜ್ಜಿ ಗೆದ್ದ ದನಿಯಲ್ಲಿ ಕೂಗಲಿಲ್ಲ. ಸುಮ್ಮನೆ ಅಮ್ಮನನ್ನು ಕರೆದು ತೋರಿಸಿದಳು. ಅಮ್ಮ ಗೋಡೆ ಮುಟ್ಟಿದಳು, ಬೆರಳು ಒದ್ದೆಯಾಯಿತು. ಅವಳು ಅಡುಗೆಮನೆಗೆ ಹೋಗಿ ಬೆನ್ನು ತಿರುಗಿಸಿ ನಿಂತದ್ದನ್ನು ನಾನು ನೋಡಿದೆ.

ಅಪ್ಪ ಮೇಸ್ತ್ರಿಗೆ ಸುದ್ದಿ ಕಳಿಸಿದ್ದು ಗಿಲಾವಿನ ವಿಷಯ ಮಾತಾಡುವುದಕ್ಕೆ. ಏಳುಮಲೈ ಮೇಸ್ತ್ರಿ ಗೋಣಿಚೀಲವನ್ನು ತಲೆಗೆ ಕೊಪ್ಪೆ ಮಾಡಿಕೊಂಡು ಮಳೆಯಲ್ಲೇ ಬಂದರು. ಮಾತಿಗೆ ಒಳಗೆ ಬರದೆ ನೇರ ಪಶ್ಚಿಮದ ಗೋಡೆಗೆ ಹೋಗಿ, ಇಟ್ಟಿಗೆಗಳ ಸಂದಿನಲ್ಲಿ ಬೆರಳಾಡಿಸುತ್ತ ಒಂದು ಕಡೆ ನಿಂತರು. "ಇಂದ ನಾಲು ವರಿಸೈ ನಾನ್ ಕಟ್ಟಲೆ ಸಾರ್" ಅಂದರು. ಈ ನಾಲ್ಕು ವರಸೆ ತಾನು ಕಟ್ಟಿದ್ದಲ್ಲ, ತಂಗಿಯ ಮದುವೆಗೆಂದು ಊರಿಗೆ ಹೋಗಿದ್ದ ದಿನ ಬೇರೆಯವರು ಕಟ್ಟಿದ್ದು, ಸಂದಿನೊಳಗೆ ಗಾರೆ ಪೂರ್ತಿ ತುಂಬಿಲ್ಲ, ತಾನು ಬಂದು ನೋಡಬೇಕಿತ್ತು, ನೋಡಲಿಲ್ಲ, ತಪ್ಪು ತನ್ನದೇ. ಹಾಗೆಂದವರು ಮೇಲೆ ಟಾರ್ಪಾಲು ಕಟ್ಟಿ, ಎರಡು ದಿನ ಕೂತು ಆ ನಾಲ್ಕು ವರಸೆಯ ಸಂದುಗಳನ್ನೆಲ್ಲ ಉಳಿಯಿಂದ ಕೆರೆದು ತೆಗೆದು, ಹೊಸ ಗಾರೆಯನ್ನು ಬೆರಳಿನಷ್ಟು ಸಣ್ಣ ಕರಣೆಯಿಂದ ಒಳಕ್ಕೆ ಒತ್ತಿ ತುಂಬಿದರು. ಅಜ್ಜಿ ಕಿಟಕಿಯ ಒಳಗೆ ಕುರ್ಚಿ ಹಾಕಿಕೊಂಡು ಎರಡೂ ದಿನ ಅವರ ಕೈಯನ್ನೇ ನೋಡುತ್ತ ಕೂತಿದ್ದಳು. ಎರಡನೆಯ ದಿನ ಮಧ್ಯಾಹ್ನ ಕಿಟಕಿಯಿಂದಲೇ ಕಾಫಿಯ ಲೋಟ ಚಾಚಿದಳು. ಮಳೆ ಇನ್ನೂ ಎರಡು ವಾರ ಹೊಯ್ಯಿತು, ಗೋಡೆ ಒಣಗಿಯೇ ಇತ್ತು. ಕೊನೆಗೆ ಅಪ್ಪ ಗಿಲಾವಿನ ಮಾತೆತ್ತಿದಾಗ ಅಜ್ಜಿಯೇ ತಡೆದಳು: "ಬ್ಯಾಡ ಕಣಪ್ಪ. ಬಳಿದುಬಿಟ್ಟಿದ್ರೆ ತಪ್ಪು ಎಲ್ಲೈತೆ ಅಂತ ಗೊತ್ತಾಗ್ತಿತ್ತಾ? ಆ ಮನುಷ್ಯನ ಕೆಲಸದ ಮೇಲೆ ಮುಸುಕು ಹಾಕಬ್ಯಾಡ." ಅಮ್ಮ ಅತ್ತೆಯ ಕೈ ಹಿಡಿದುಕೊಂಡು ಅತ್ತದ್ದನ್ನು ನಾನು ಕಂಡದ್ದು ಆವತ್ತೊಂದೇ ದಿನ.

ಆಮೇಲೆ ಅದು ಬೀದಿಯ ಗುರುತಾಯಿತು. ಅಂಚೆಯವರಿಗೆ, ಆಟೋದವರಿಗೆ ನಂಬರು ಬೇಕಿರಲಿಲ್ಲ, 'ಸೆಂಗಲ್ ವೀಡು' ಅಂದರೆ, ಇಟ್ಟಿಗೆ ಮನೆ ಅಂದರೆ ಸಾಕಿತ್ತು. ಬಂದವರಿಗೆಲ್ಲ ಅಜ್ಜಿ ತನ್ನ ಹರಕುಮುರುಕು ತಮಿಳಿನಲ್ಲಿ ವಿವರಿಸುತ್ತಿದ್ದಳು, ನಾನು ಅವಳಿಗೆ ತಮಿಳಿನಲ್ಲೇ ಉತ್ತರ ಕೊಟ್ಟರೆ ಗದರುತ್ತಿದ್ದವಳು. ಏಳುಮಲೈ ಒಂದು ಭಾನುವಾರ ಹೆಂಡತಿಯನ್ನು ಕರೆತಂದು, ಗೇಟಿನ ಹೊರಗೇ ನಿಲ್ಲಿಸಿ, ಬೆರಳು ಮಾಡಿ ತೋರಿಸಿದರು. ಇಪ್ಪತ್ತು ವರ್ಷದ ಕೆಲಸದಲ್ಲಿ ಆಕೆಗೆ ತೋರಿಸುವುದಕ್ಕೆ ಅವರಿಗಿದ್ದ ಮೊದಲ ಗೋಡೆ ಅದು. ಎರಡು ವರ್ಷಕ್ಕೆ ನಮ್ಮದೇ ಬೀದಿಯಲ್ಲಿ ಇನ್ನೊಂದು, ಕೆರೆಯ ದಾರಿಯಲ್ಲಿ ಎರಡು ಇಟ್ಟಿಗೆ ಮುಖದ ಮನೆಗಳೆದ್ದವು. ಅವನ್ನೂ ಕಟ್ಟಿದ್ದು ಏಳುಮಲೈಯೇ.

ಮನೆ ಹನ್ನೊಂದು ವರ್ಷ ನಿಂತಿತ್ತು. ಅಜ್ಜಿ ಅಲ್ಲೇ ತೀರಿಕೊಂಡಳು. ಅಪ್ಪನ ಹೃದಯ ಕೈಕೊಟ್ಟ ಮೇಲೆ, ಆ ಮೆಟ್ಟಿಲು, ಆ ಮಳೆನೀರು ಇನ್ನು ಅವರಿಗೆ ಆಗದೆಂದು ಬೆಸೆಂಟ್ ನಗರದ ನೆಲಮಹಡಿಯ ಫ್ಲ್ಯಾಟಿಗೆ ಬಂದೆವು. ಮನೆ ಕೊಂಡವರು ಫ್ಲ್ಯಾಟುಗಳನ್ನು ಕಟ್ಟುವವರು. ನನಗಾಗಷ್ಟೇ ಪೋರೂರಿನ ಕಡೆಯೇ ಕೆಲಸ ಸಿಕ್ಕಿತ್ತು, ಕೆಡವುವುದನ್ನು ದಿನಾ ಬಸ್ಸಿನಿಂದಿಳಿದು ನೋಡಿದೆ. ಅವರೇ ಕೊಂಡಿದ್ದ ಪಕ್ಕದ ಮನೆ ಒಂದೇ ಬೆಳಗಿಗೆ ನೆಲಕ್ಕೆ ಬಂದಿತ್ತು. ನಮ್ಮದಕ್ಕೆ ಮೊದಲ ದಿನ ಸುತ್ತಿಗೆಯವರು ಬಂದರು, ಎರಡನೆಯ ದಿನ ಯಂತ್ರ ಬಂತು. ಕೆಲಸ ಮಾಡಿಸುತ್ತಿದ್ದವನು ಬೆವರೊರೆಸಿಕೊಳ್ಳುತ್ತ, "ಯಾರುಮಾ ಕಟ್ಟಿನದು ಇದೈ?" ಎಂದು ಕೇಳಿದ. ನಾನು ಕಟ್ಟಿದವರ ಹೆಸರು ಹೇಳಿದೆ, ಊರೂ ಹೇಳಿದೆ, ಅವನಿಗೆ ಬೇಕಿದ್ದದ್ದಕ್ಕಿಂತ ಜಾಸ್ತಿಯೇ ಹೇಳಿದೆ.

ಅಮ್ಮ ಆ ಕಡೆ ಬರಲಿಲ್ಲ. ಸಂಜೆ ನಾನು ಚಪ್ಪಲಿ ಬಿಡುವಾಗ ಮಾತ್ರ ಕೇಳುತ್ತಿದ್ದಳು, "ನಿಂತೈತಾ?" ಎರಡು ದಿನ ನಿಂತಿದೆ ಅಂದೆ, ಯಂತ್ರ ಬಂದದ್ದನ್ನೂ ಹೇಳಿದೆ. ಮೂರನೆಯ ಸಂಜೆ ಇಲ್ಲವೆಂದು ತಲೆಯಾಡಿಸಿದೆ. ಅಪ್ಪ ಟಿವಿಯ ದನಿ ತಗ್ಗಿಸಿದರು. ಅಮ್ಮ ಸೆರಗಿನಿಂದ ಮುಖ ಒರೆಸಿಕೊಂಡು ಅಪ್ಪನ ಕಡೆ ತಿರುಗಿ, "ಮೂರು ದಿನ ಬೇಕಾಯ್ತಂತೆ ಕಣ್ರೀ, ಯಂತ್ರ ತಂದ್ರೂ" ಅಂದಳು.