ಅಡಿಲೇಡ್‌ನಲ್ಲಿ ಸುಕುಮಾರಣ್ಣ ಆಡದೇ ಹೋದ ಮಾತು

ನಂಬೋಕೆ ಆಗ್ತಿಲ್ಲ...
ಸುಕುಮಾರಣ್ಣ ಇನ್ನಿಲ್ಲವಂತೆ.
ಬೆಳಗ್ಗೆ ಅವರ ಮಗಳು ನಿಶಾ ಪರ್ತ್‌ನಿಂದ ಫೋನ್ ಮಾಡಿದಳು. ನಿನ್ನೆ ಪಿಯಾರಾ ವಾಟರ್ಸ್‌ನ ಮನೆಯಲ್ಲೇ, ಕೆಲಸಕ್ಕೆ ಹೊರಡುವಾಗ ಕುಸಿದರಂತೆ... ಹಾರ್ಟ್ ಅಟ್ಯಾಕ್.
ಹೋದ ವಾರ ಹಿತ್ತಿಲಿನ ಬಸಳೆ ಬಳ್ಳಿಯ ಫೋಟೊ ಕಳಿಸಿದ್ದರು. ನಾನು ಉತ್ತರ ಕೊಟ್ಟಿರಲಿಲ್ಲ.

ಗೊತ್ತಿಲ್ಲದವರಿಗೆ...
ನಾನು ಬ್ರಿಸ್ಬೇನ್‌ಗೆ ಸ್ಟೂಡೆಂಟ್ ಆಗಿ ಬಂದಾಗ ಅವರಿದ್ದದ್ದು ಅಲ್ಲಿಯ ಫಾರೆಸ್ಟ್ ಲೇಕ್‌ನಲ್ಲಿ.
ಭಾನುವಾರ ನಾನು ಕೆಲಸ ಮಾಡುತ್ತಿದ್ದ ಸರ್ವೋದಲ್ಲಿ, ಅಂದರೆ ಪೆಟ್ರೋಲ್ ಬಂಕಿನಲ್ಲಿ, ಪೆಟ್ರೋಲ್ ತುಂಬಿಕೊಂಡು, ನನ್ನ ಶಿಫ್ಟ್ ಮುಗಿಯುವವರೆಗೂ ಕಾದು, ಚರ್ಚ್‌ಗೆ ಕರೆದುಕೊಂಡು ಹೋಗುತ್ತಿದ್ದರು.
ಆಮೇಲೆ ಅವರು ಪರ್ತ್ ಸೇರಿದರು.

ಕೊನೆಯ ಸಲ ಸಿಕ್ಕಿದ್ದು ಅಡಿಲೇಡ್‌ನಲ್ಲಿ, ನಮ್ಮ ಚರ್ಚ್‌ನ ರಾಷ್ಟ್ರೀಯ ಸಭೆಯಲ್ಲಿ. ಇಬ್ಬರೂ ಪ್ರತಿನಿಧಿಗಳು.
ಪ್ಯಾಲೆಸ್ಟೀನಿಯರ ಮನೆ ಕೆಡವುವ ಯಂತ್ರಗಳನ್ನು ಇಸ್ರೇಲ್‌ಗೆ ಮಾರುವ ಕಂಪನಿಗಳಲ್ಲಿ ನಮ್ಮ ಚರ್ಚ್ ದುಡ್ಡು ಹೂಡಿದೆ... ಅದನ್ನು ವಾಪಸ್ ತೆಗೆಯಬೇಕಾ ಬೇಡವಾ. ಇದೇ ಚರ್ಚೆ.

"ನಿಮ್ಮದು ಯಾವ ಕಡೆ ಅಣ್ಣಾ?" ತಿಂಡಿ ತಿನ್ನುವಾಗ ಕೇಳಿದ್ದೆ.
"ನಮ್ ಚರ್ಚ್‌ಗೆ ಬರೋ ಬೆತ್ಲೆಹೇಮಿನ ಪ್ಯಾಲೆಸ್ಟೀನಿ ಅಮ್ಮನ ಮನೇಲೂ ಟೀ ಕುಡಿದಿದೀನಿ, ಪಕ್ಕದ್ಮನೆ ಯಹೂದಿ ಯಜಮಾನರ ಮನೇಲೂ ಕುಡಿದಿದೀನಿ ಕಣಮ್ಮ. ಸಭೇಲಿ ಆಡೋ ಮಾತ್ನ ಮೂರು ಸಲ ಬರ್ದು ಹರ್ದ್ ಹಾಕ್ದೆ. ಇದು ನಾಲ್ಕನೇದು" ಎಂದು ಜೇಬು ತಟ್ಟಿದರು.

ನಮ್ಮ ಸಭೆಯಲ್ಲಿ ಕೈ ಎತ್ತುವುದಿಲ್ಲ, ಕಾರ್ಡ್ ಹಿಡಿಯುತ್ತೇವೆ.
ಒಪ್ಪಿಗೆಯಾದರೆ ಕಿತ್ತಳೆ, ಇಲ್ಲವಾದರೆ ನೀಲಿ. ಎರಡನ್ನೂ ಅಡ್ಡಡ್ಡ ಹಿಡಿದರೆ ಮಾತು ಸಾಕು, ಮುಂದಕ್ಕೆ ಹೋಗೋಣ ಅಂತ.

ಎರಡು ಗಂಟೆ ಕೇಳಿದೆ.
ಮನೆ ಕಳೆದುಕೊಂಡವರ ಬಗ್ಗೆ ಒಬ್ಬರು ಹೇಳಿದಾಗ ಕಿತ್ತಳೆ ಅನ್ನಿಸಿತು... ನಮ್ಮ ಯಹೂದಿ ಗೆಳೆಯರಿಗೆ ಇನ್ನು ಮುಖ ತೋರಿಸೋದು ಹೇಗೆ ಅಂತ ಇನ್ನೊಬ್ಬರು ಅಂದಾಗ ನೀಲಿ... ತಲೆ ಕೆಟ್ಟುಹೋಯಿತು.
ಯಾವುದು ಸರಿ ಅಂತ ತಿಳಿಯದೆ, ಒಮ್ಮೆ ಮುಗಿದರೆ ಸಾಕು ಅಂತ ಎರಡನ್ನೂ ಅಡ್ಡ ಹಿಡಿದೆ.
ನನ್ನನ್ನು ನೋಡಿ ಅಕ್ಕಪಕ್ಕದವರು, ಅವರನ್ನು ನೋಡಿ ಇನ್ನೂ ಹಲವರು. ಅಧ್ಯಕ್ಷರು ಚರ್ಚೆ ನಿಲ್ಲಿಸಿ ವಿಷಯವನ್ನು ಸಮಿತಿಗೆ ಕಳಿಸಿಬಿಟ್ಟರು.

ಮಾತಾಡಲು ಮೈಕ್ ಹತ್ತಿರ ಸಾಲಿನಲ್ಲಿ ಮೊದಲು ನಿಂತಿದ್ದವರು ಸುಕುಮಾರಣ್ಣ.
ಪೇಪರ್ ಹರಿದು ಬಿನ್‌ಗೆ ಹಾಕಿ, ಬಂದು ಕೂತರು.

ಅಣ್ಣಾ...
ನೀವು ಸಾಲಿನಲ್ಲಿ ನಿಂತಿದ್ದು ನನಗೆ ಕಾಣುತ್ತಿತ್ತು.
"ಯಾರಿಗೋ ಊಟಕ್ಕೆ ಅರ್ಜೆಂಟಾಗಿತ್ತು" ಅಂತ ನಕ್ಕಿರಿ. ನಾನೂ ನಕ್ಕೆ. ಮೊದಲು ಹಿಡಿದವಳು ನಾನೇ ಅಂತ ಬಾಯಿಬಿಡಲಿಲ್ಲ.
ಏನು ಬರೆದಿದ್ರಿ ಅಂದರೆ, "ಪರ್ತ್‌ಗೆ ಬಾ, ಸ್ವಾನ್ ವ್ಯಾಲಿಗೆ ಹೋಗ್ತಾ ಕಾರಲ್ಲಿ ಹೇಳ್ತೀನಿ" ಅಂದಿರಿ.
ನಾನು ಬರಲೇ ಇಲ್ಲ.

ದುಡ್ಡು ವಾಪಸ್ ತೆಗೀಬೇಕು ಅಂತಿದ್ರಾ... ಬೇಡ ಅಂತಿದ್ರಾ... ಅಥವಾ ನಮಗ್ಯಾರಿಗೂ ಹೊಳೆಯದ ಮೂರನೇದು ಏನಾದ್ರೂ ಇತ್ತಾ?
ನನ್ನದು ಯಾವ ಕಡೆ ಅನ್ನೋದೂ ಇವತ್ತಿಗೂ ನನಗೆ ಗೊತ್ತಿಲ್ಲ ಅಣ್ಣಾ. ನಿಮ್ಮನ್ನು ಕೇಳಿದ್ದರೆ ಗೊತ್ತಾಗುತ್ತಿತ್ತೋ ಏನೋ.

ಬೆಳಗ್ಗೆ ನಿಶಾ ಅಳುತ್ತಲೇ ಕೇಳಿದಳು, "ಆಂಟಿ, ಯು ವರ್ ದೇರ್. ಡ್ಯಾಡ್ ಅಡಿಲೇಡ್‌ನಲ್ಲಿ ಏನ್ ಹೇಳಿದ್ರು ಅಂತ ಫ್ಯೂನರಲ್‌ನಲ್ಲಿ ಹೇಳ್ತೀರಾ?"
ಗ್ಯಾರೇಜ್ ಬಾಗಿಲು ಹಾಕಿಕೊಂಡು ವಾರಗಟ್ಟಲೆ ಪ್ರಾಕ್ಟೀಸ್ ಮಾಡಿದ್ದರಂತೆ. ಮಾತಾಡೋಕೆ ಅವಕಾಶ ಸಿಗಲಿಲ್ಲ ಅಂತ ಮನೆಯಲ್ಲಿ ಹೇಳಿಯೇ ಇಲ್ಲ.
ಹೂಂ ಅಂದುಬಿಟ್ಟೆ...

ತಡೆಯಲಾಗಲಿಲ್ಲ. ಒಂದು ಗಂಟೆ ಹಿಂದೆ ವಾಪಸ್ ಫೋನ್ ಮಾಡಿ ಎಲ್ಲ ಹೇಳಿದೆ. ಅವಳಿಗೆ ಹೇಳಿದ ಮೇಲೇ ಇಲ್ಲಿ ಬರೆಯುತ್ತಿದ್ದೇನೆ.
"ಸೋ ಹಿ ನೆವರ್ ಗಾಟ್ ಟು ಸೇ ಇಟ್?"
ಅಷ್ಟೇ ಕೇಳಿದಳು.

ಹೋಗಿ ಬನ್ನಿ ಸುಕುಮಾರಣ್ಣ...
ಅಲ್ಲಿ ದೇವರಾದರೂ ನಿಮ್ಮ ಮಾತನ್ನು ಪೂರ್ತಿ ಕೇಳಲಿ.
ನಿಮ್ಮ ಜೀವ ತಣ್ಣಗಿರಲಿ.