ಖಾಲಿ ಇಡಬಾರದ ತಗಡಿನ ಹೂವು

ಸೇಡಂನ ನಮ್ಮ ಓಣಿಗೆ ಬರುವ ಗುಜರಿಯವನು ನಮ್ಮ ಬಾಗಿಲ ಮುಂದೆ ಗಾಡಿ ನಿಲ್ಲಿಸುವುದನ್ನು ಎಂದೋ ಬಿಟ್ಟಿದ್ದ. ಎಣ್ಣೆ ಡಬ್ಬಿ, ಪೌಡರ್ ಡಬ್ಬಿ, ಸೋಡಾ ಬಾಟಲಿಯ ಮುಚ್ಚಳ, ಚಿಪ್ಸ್ ಪಾಕೀಟು, ಚಹಾಪುಡಿಯ ಪಾಕೀಟು, ಎಲ್ಲವೂ ನಮ್ಮ ಅತ್ತೆಯ ಮಂಚದ ಕೆಳಗೆ ಸೇರುತ್ತಿದ್ದವು. ಕಸ ಗುಡಿಸಲು ಬಗ್ಗಿದರೆ ಕಸಬರಿಗೆ ಒಳಗೆ ಹೋಗುತ್ತಿರಲಿಲ್ಲ. ನನಗೋ ಪಿತ್ತ ನೆತ್ತಿಗೇರುತ್ತಿತ್ತು.

"ಅತ್ತಿ, ಇದು ಮನಿನೋ, ಗುಜರಿ ಅಂಗಡಿನೋ?"

"ನಿನ್ನ ಕಣ್ಣಿಗಿ ಗುಜರಿನೇ ಕಾಣ್ತದ. ಭಾದ್ರಪದ ಬರ್ಲಿ, ಆಮ್ಯಾಲ ಮಾತಾಡು," ಅನ್ನುತ್ತಿದ್ದರು ಅತ್ತೆ, ತಲೆ ಕೂಡ ಎತ್ತದೆ.

ಭಾದ್ರಪದದಲ್ಲಿ ನಮ್ಮ ಮನೆಗೆ ಅಕ್ಕ ತಂಗಿ ಇಬ್ಬರು ಮಹಾಲಕ್ಷ್ಮಿಯರು ಬರುತ್ತಾರೆ. ಗೋಧಿ ತುಂಬಿದ ಡಬ್ಬಿಗಳೇ ಅವರ ಮೈ. ಸೀರೆ ಉಡಿಸಿ, ಮೇಲೆ ಹಿತ್ತಾಳೆಯ ಮುಖ ಇಡುತ್ತೇವೆ. ಸುತ್ತಲಿನ ಅಲಂಕಾರವೆಲ್ಲ ಅತ್ತೆಯದು. ಅಂಗಳದ ಫರಸಿ ಕಲ್ಲಿನ ಮೇಲೆ ಕುಳಿತು, ಎಷ್ಟು ಒರೆಸಿದರೂ ಮತ್ತೆ ಕೂರುವ ಸಿಮೆಂಟ್ ಕಾರ್ಖಾನೆಯ ಧೂಳನ್ನು ಬೈದುಕೊಳ್ಳುತ್ತ, ಡಬ್ಬಿಗಳನ್ನು ಕತ್ತರಿಸಿ ಬಡಿದು ಕಮಲ ಮಾಡುವರು, ನವಿಲು ಮಾಡುವರು. ಚಿಪ್ಸ್ ಪಾಕೀಟಿನ ಒಳಮೈ ಹೊರಗೆ ತಿರುಗಿಸಿ, ನಿರಿಗೆ ಹಿಡಿದು ತೋರಣ ಕಟ್ಟುವರು. ಹಬ್ಬದ ದಿನ ದೀಪ ಹಚ್ಚಿದಾಗ ಮಾತ್ರ ನನ್ನ ಬಾಯಿ ಕಟ್ಟುತ್ತಿತ್ತು. ಚಿತ್ತಾಪುರದಿಂದ ಬರುವ ಬೀಗರೂ ಮೊದಲು ತಗಡಿನ ನವಿಲು ನೋಡಿ, ಆಮೇಲೆ ದೇವಿಗೆ ಕೈಮುಗಿಯುತ್ತಿದ್ದರು.

ಅತ್ತೆಯದೊಂದು ಕಟ್ಟಳೆ ಇತ್ತು. ಲಕ್ಷ್ಮಿಯ ಮುಂದೆ ಖಾಲಿ ವಸ್ತು ಇಡಬಾರದು. ಪಕ್ಕದ ಮನೆಯವರು ಪಲ್ಯ ಕೊಟ್ಟ ಬಟ್ಟಲನ್ನೂ ಅವರು ಬರಿದೆ ಹಿಂದಿರುಗಿಸಿದವರಲ್ಲ, ಒಂದು ಚಿಟಿಕೆ ಸಕ್ಕರೆಯಾದರೂ ಹಾಕುತ್ತಿದ್ದರು. ಹಾಗೆಯೇ ಪ್ರತಿ ತಗಡಿನ ಕಮಲದೊಳಗೆ ನಾಲ್ಕು ಗೋಧಿ ಕಾಳು, ಪ್ರತಿ ಮುಚ್ಚಳದೊಳಗೆ ಒಂದು ಜೋಳದ ಕಾಳು ಬೀಳಲೇಬೇಕು. ನಾನು ಮರೆತರೆ, "ಖಾಲಿ ಇಟ್ಟೀಯಲ್ಲ ಹುಚ್ಚಿ, ಬಂದಾಕಿ ಏನ್ ನೋಡಿ ಕುಂದರಬೇಕು?" ಅನ್ನುತ್ತಿದ್ದರು.

ಹೋದ ವರ್ಷ ಅವರಿಗೆ ಬಿಪಿ ಏರಿತು. ದಿನಾ ಒಂದು ಕೆಂಪು ಗುಳಿಗೆ, ಜೀವ ಇರುವವರೆಗೂ ತಪ್ಪಿಸಬಾರದು ಅಂದರು ಡಾಕ್ಟರು. ಅತ್ತೆಗೆ ಗುಳಿಗೆಗಿಂತ ಅದರ ಸ್ಟ್ರಿಪ್ಪಿನ ಮೇಲೆ ಕಣ್ಣು ಬಿತ್ತು. ಹಿಂದೆ ಬೆಳ್ಳಿಯ ಹೊಳಪು, ಮುಂದೆ ಗಾಜಿನಂಥ ಗೂಡುಗಳು. ನಾನೇ ಓಣಿಯವರಿಂದ ಹಳೆಯ ಸ್ಟ್ರಿಪ್ಪು ತಂದುಕೊಡಲು ಹೋದರೆ, "ಮಂದಿ ರೋಗ ನನ್ನ ಲಕ್ಷ್ಮಿಗಿ ಯಾಕ?" ಎಂದು ತಳ್ಳಿಬಿಟ್ಟರು. ಗುಳಿಗೆ ನಾನು ಕೊಡುತ್ತೇನೆಂದರೆ ಅದಕ್ಕೂ ಸಿಟ್ಟು.

"ನನ್ನ ಗುಳಿಗಿ ನಾ ನುಂಗ್ತೀನಿ. ನಾ ಏನ್ ಕೂಸೇನು?"

ಆಗಲಿ ಮಾರಾಯ್ತಿ ಎಂದು ಮನಸ್ಸಿನಲ್ಲೇ ಅಂದುಕೊಂಡು ಗುಳಿಗೆಯ ಡಬ್ಬಿಯನ್ನು ಅವರ ಕೈಗೇ ಕೊಟ್ಟೆ.

ಆ ಸಲದ ಹಬ್ಬದಲ್ಲಿ ಇಬ್ಬರು ಲಕ್ಷ್ಮಿಯರ ಹಿಂದೆ ಬೆಳ್ಳಿಯ ಮಾಲೆ ತೂಗಿತು. ಎಲೆಯಾಕಾರಕ್ಕೆ ಕತ್ತರಿಸಿದ ಒಂದೊಂದು ಸ್ಟ್ರಿಪ್ಪಿನಲ್ಲೂ ಕುಂಕುಮದ ಬೊಟ್ಟಿನಂತೆ ಕೆಂಪು. ಮಣಿ ಅಂಟಿಸಿದ್ದಾರೆ ಎಂದುಕೊಂಡೆ. ಅರಿಶಿನ ಕುಂಕುಮಕ್ಕೆ ಬಂದ ಹೆಂಗಸರೆಲ್ಲ ಹೊಗಳಿದ್ದೇ ಹೊಗಳಿದ್ದು. ನನಗೂ ಹೆಮ್ಮೆಯಾಯಿತು, ಇಂಥ ಅತ್ತೆ ಯಾರಿಗಿದ್ದಾರೆ ಅನ್ನಿಸಿತು.

ದೇವಿಯರನ್ನು ಕಳಿಸಿದ ಮರುದಿನ ಬೆಳಿಗ್ಗೆ ಅತ್ತೆಯ ಕೈಯಿಂದ ಚಹಾದ ಬಸಿ ಜಾರಿತು. ಎತ್ತಿಕೊಳ್ಳಲು ಬಗ್ಗಿದವರು ಹಾಗೇ ಒಂದು ಕಡೆಗೆ ವಾಲಿದರು. ಲಕ್ವಾ. ಕಲಬುರಗಿಯ ಆಸ್ಪತ್ರೆ ಮುಟ್ಟುವಷ್ಟರಲ್ಲಿ ಬಲಗೈ, ಮಾತು ಎರಡೂ ಹೋಗಿದ್ದವು.

"ಬಿಪಿ ಗುಳಿಗಿ ತಗೋತಿದ್ರೇನು?" ಡಾಕ್ಟರು ಕೇಳಿದರು.

"ದಿನಾ ತಗೋತಾರ್ರಿ ಸರ್. ಒಂದು ದಿನಾನೂ ತಪ್ಪಿಸಿಲ್ಲ," ಅಂದೆ, ಎದೆ ತಟ್ಟಿ.

ಅತ್ತೆಯನ್ನು ನೋಡಿಕೊಂಡು ನನ್ನ ಗಂಡ ಅಲ್ಲೇ ಉಳಿದರು, ಯಾವ ಗುಳಿಗೆ ಎಂದು ಡಾಕ್ಟರಿಗೆ ತೋರಿಸಲು ಸ್ಟ್ರಿಪ್ಪು ಹುಡುಕಿಕೊಂಡು ನಾನು ಮನೆಗೆ ಬಂದೆ. ಗುಳಿಗೆಯ ಡಬ್ಬಿಯಲ್ಲಿ ಒಂದು ಸ್ಟ್ರಿಪ್ಪೂ ಇರಲಿಲ್ಲ. ಕಣ್ಣು ಗೋಡೆಯ ಮೇಲೆ ಇನ್ನೂ ತೂಗುತ್ತಿದ್ದ ಮಾಲೆಯ ಮೇಲೆ ಹೋಯಿತು. ಹತ್ತಿರ ಹೋಗಿ ಮುಟ್ಟಿದೆ. ಮಣಿಯಲ್ಲ, ಗುಳಿಗೆ. ಹಳೆಯವುಗಳಲ್ಲಿ ಒಂದೊಂದು ಉಳಿಸಿದ್ದರು. ಹಬ್ಬ ಹತ್ತಿರ ಬಂದಾಗ ಮಾಲೆಗೆ ಸಾಲದೆ, ಒಂದೂ ಗುಳಿಗೆ ನುಂಗದೆ ಸೇರಿಸಿದ ಹೊಸ ಸ್ಟ್ರಿಪ್ಪುಗಳಲ್ಲಿ ಗೂಡುಗಳೆಲ್ಲ ತುಂಬಿಕೊಂಡೇ ಇದ್ದವು. ಲಕ್ಷ್ಮಿಯ ಮುಂದೆ ಖಾಲಿ ಇಡಬಾರದಲ್ಲ! ಅಲ್ಲೇ ಗೋಡೆಗೆ ಒರಗಿ ಕುಳಿತು ಅತ್ತೆಗೂ ಬೈದೆ, ದೇವಿಗೂ ಬೈದೆ.

ಡಾಕ್ಟರಿಗೆ ಎಲ್ಲ ಹೇಳಿದೆ. ಅವರು ಬೈಯಲಿಲ್ಲ. ಇದರಿಂದಲೇ ಆಯಿತೆಂದು ಹೇಳಲು ಬರುವುದಿಲ್ಲ, ಆಗಲಿಲ್ಲವೆಂದೂ ಹೇಳಲು ಬರುವುದಿಲ್ಲ ಅಂದರು. ಬೈದಿದ್ದರೆ ಚೆನ್ನಾಗಿತ್ತು.

ಈಗ ಗುಳಿಗೆ ಕೊಡುವವಳು ನಾನೇ. ಅತ್ತೆ ಕೂಸಿನಂತೆ ಬಾಯಿ ತೆರೆಯುತ್ತಾರೆ. ಆದರೆ ಸ್ಟ್ರಿಪ್ಪಿನಲ್ಲಿ ಕೊನೆಯ ಗುಳಿಗೆ ಉಳಿದ ದಿನ ತುಟಿ ಬಿಗಿಯುತ್ತಾರೆ. ಬಾಳೆಹಣ್ಣಿನಲ್ಲಿ ಇಟ್ಟುಕೊಟ್ಟರೆ ಉಗುಳಿದರು. ಗಂಡ ಕೈಮುಗಿದರು. ನಾನು ಗದರಿಸಿದೆ, ಕಣ್ಣೀರು ಹಾಕಿದೆ, ಕಾಲು ಹಿಡಿದೆ. ಯಾವುದಕ್ಕೂ ಬಗ್ಗಲಿಲ್ಲ. ಕೊನೆಗೆ ಅದನ್ನು ಹಾಗೇ ಬಿಟ್ಟು ಹೊಸ ಸ್ಟ್ರಿಪ್ಪು ಒಡೆಯುವುದು ರೂಢಿಯಾಯಿತು. ಒಂದೊಂದೇ ಗುಳಿಗೆ ಉಳಿದ ಸ್ಟ್ರಿಪ್ಪುಗಳು ಮಂಚದ ಕೆಳಗೆ ಸೇರತೊಡಗಿದವು, ಅವನ್ನು ಮುಟ್ಟಲು ಅತ್ತೆ ಬಿಡುತ್ತಿರಲಿಲ್ಲ.

ಮೊನ್ನೆ ಊರಲ್ಲಿ ಆ ಗುಳಿಗೆ ಎಲ್ಲೂ ಸಿಗಲಿಲ್ಲ. ಮಂಚದ ಕೆಳಗಿನವನ್ನು ಬಿಟ್ಟರೆ ಮನೆಯಲ್ಲಿದ್ದದ್ದು ಕೈಯಲ್ಲಿದ್ದ ಸ್ಟ್ರಿಪ್ಪಿನ ಕೊನೆಯ ಗುಳಿಗೆಯೊಂದೇ. ಅತ್ತೆ ತುಟಿ ಬಿಗಿದರು. ನನ್ನ ತಲೆ ಕೆಟ್ಟಿತು. ಅಡುಗೆಮನೆಗೆ ಹೋಗಿ ಒಂದು ಗೋಧಿ ಕಾಳು ತಂದೆ. ಅವರ ಕಣ್ಣ ಮುಂದೆಯೇ ಗುಳಿಗೆ ಹೊರತೆಗೆದು, ಆ ಗೂಡಿನೊಳಗೆ ಕಾಳು ಇಟ್ಟು, ಹರಿದ ಬೆಳ್ಳಿ ಹಾಳೆ ಮಡಚಿದೆ.

"ನೋಡ್ರಿ, ಖಾಲಿ ಇಲ್ಲ."

ಅತ್ತೆ ಎಡಗೈ ಹೆಬ್ಬೆರಳಿನಿಂದ ಗೂಡನ್ನು ಒತ್ತಿ ನೋಡಿದರು. ಕಾಳು ಒಳಗೆ ಅಲುಗಾಡಿತು. ಆಮೇಲೆ ಬಾಯಿ ತೆರೆದರು.

ಗುಳಿಗೆ ನುಂಗಿಸಿ, ನೀರು ಕುಡಿಸಿ, ಸೆರಗಿನಿಂದ ಅವರ ಬಾಯಿ ಒರೆಸಿದೆ.

"ಹೋದ ವರ್ಷನೂ ಗೋಧಿ ಹಾಕಿದ್ರ ನಡೀತಿತ್ತಲ್ರಿ, ಅತ್ತಿ."

ಅವರು ಎಡಗೈ ಚಾಚಿ, ಮಂಚದ ಕೆಳಗಿರುವ ಒಂದೊಂದೇ ಗುಳಿಗೆಯ ಸ್ಟ್ರಿಪ್ಪುಗಳನ್ನು ತೋರಿಸಿ, ಬೆರಳನ್ನು ಗೋಧಿ ಇರುವ ಅಡುಗೆಮನೆಯ ಕಡೆ ತಿರುಗಿಸಿದರು.